ಏಳನೆ ನಂಬ್ರದ ಗೇಟು

ಬೆಳಿಗ್ಗೆ ಏಳೂವರೆಗೆ ಉಪ್ಪಳದ ಆಫೀಸಿನ ಶಟರೆತ್ತಿ
ಕೆಟ್ಟು ನಿಂತ ಯಂತ್ರಗಳ ಪಟ್ಟಿ ಬಿಡಿಸುತ್ತೇನೆ.
ಬಾಯಾರಿನ ಅಂಗಡಿಯಲ್ಲಿ ಐಸ್‌ಕ್ರೀಮಿನ ಪೆಟ್ಟಿಗೆ ಬೆವರುತ್ತಿದೆ,
ಕುಂಬಳೆಯಲ್ಲಿ ಒಂದು ಕಂಪ್ರೆಸರು ರಾತ್ರಿಯಿಡೀ ಕೆಮ್ಮಿದೆ,
ಪೈವಳಿಕೆಯ ಮದುವೆ ಹಾಲಿನಲ್ಲಿ ನಾಳೆ ಎಂಟುನೂರು ಜನ,
ಎಸಿಯಿಂದ ನೀರು ಮಾತ್ರ ಬರುತ್ತಿದೆಯಂತೆ.

ಮೂರು ಗಾಡಿ. ಆರು ಜನ. ಇಪ್ಪತ್ತನಾಲ್ಕು ಕರೆ.

ಎಂಟು ಬಾಗಿಲು ತಟ್ಟಿ ಬರಲು
ನಲ್ವತ್ತು ಸಾವಿರದ ಮುನ್ನೂರ ಇಪ್ಪತ್ತು ದಾರಿ ಉಂಟು,
ಅದನ್ನು ಕಂಪ್ಯೂಟರು ಹೇಳಬೇಕಾಗಿಲ್ಲ.
ಕನ್ನಡ ಮಾಧ್ಯಮಕ್ಕೆ ಲೆಕ್ಕದ ಟೀಚರು ಬೇಕೆಂದಾಗ
ರ‍್ಯಾಂಕ್ ಲಿಸ್ಟಿನಲ್ಲಿ ನಾನು ಹನ್ನೊಂದನೆಯವಳು.
ಒಂಬತ್ತರ ತನಕ ಕರೆದರು.
ಆಮೇಲೆ ಲಿಸ್ಟಿನ ಅವಧಿ ತೀರಿತು.

ಹಾಗಾಗಿ ಇಲ್ಲಿ ಕೂತು ಗೆರೆ ಎಳೆಯುತ್ತೇನೆ.
ಹೋದ ದಾರಿಯಲ್ಲೇ ಮರಳಬಾರದು ಎಂಬುದು ಮೊದಲ ಪಾಠ.
ಹೆದ್ದಾರಿ ಅಗಲವಾದ ಮೇಲೆ ಎದುರಿನ ಬೇಕರಿಯೂ ಪರವೂರು,
ಕೂಗಿದರೆ ಕೇಳುತ್ತದೆ, ಮುಟ್ಟಬೇಕಾದರೆ
ಮೂರು ಕಿಲೋಮೀಟರು ಮುಂದೆ ಹೋಗಿ ತಿರುಗಬೇಕು.
ಶುಕ್ರವಾರ ಹನ್ನೆರಡೂವರೆಗೆ ಸಾದಿಕನ ಗಾಡಿ
ಯಾವುದಾದರೂ ಮಸೀದಿಯ ಆಸುಪಾಸಿನಲ್ಲಿರಬೇಕು.
ಲಿಗೋರಿ ಕ್ರಾಸ್ತನಿಗೆ ಮಲಯಾಳ ಬರುವುದು ಸಿಟ್ಟು ಬಂದಾಗ ಮಾತ್ರ,
ಚಂದ್ರಗಿರಿ ಹೊಳೆ ದಾಟಿಸುವುದಿಲ್ಲ ಅವನನ್ನು.
ಐತಪ್ಪಣ್ಣನಿಗೆ ಮೊಣಕಾಲು ನೋವು,
ಮಹಡಿಯ ಮೆಟ್ಟಿಲುಗಳನ್ನೂ ನಾನು ದೂರಕ್ಕೆ ಕೂಡಿಸುತ್ತೇನೆ.

ಹೋದ ವರ್ಷ ಒಮ್ಮೆ ಗಾಡಿಯೊಂದಕ್ಕೆ ದಿನದಲ್ಲಿ
ನಲ್ವತ್ತೊಂದು ನಿಮಿಷ ಉಳಿಸಿಬಿಟ್ಟೆ.
ಧಣಿ ಅಂದುಂಞಿಚ್ಚ ಖುಷಿಯಲ್ಲಿ ಲಾಡು ತರಿಸಿದರು,
ಮರುದಿನವೇ ಆ ನಲ್ವತ್ತೊಂದು ನಿಮಿಷದೊಳಗೆ
ಒಂಬತ್ತನೆಯ ಫ್ರಿಜ್ಜು ತಂದು ನಿಲ್ಲಿಸಿದರು.
ಆ ವಾರವೆಲ್ಲ ಐತಪ್ಪಣ್ಣ
ಬುತ್ತಿಯನ್ನು ಕಟ್ಟಿದ ಹಾಗೆಯೇ ಮನೆಗೆ ಒಯ್ದ.
ಚಟ್ನಿ ಹಳಸಿತ್ತೆಂದು ಹೇಳಿದ, ಬೇರೇನೂ ಹೇಳಲಿಲ್ಲ.

ಉಳಿಸಿದ್ದನ್ನು ಕಾಣುವ ಕಡೆ ಇಡಬಾರದು.
ಬೀಡಿ ಕಟ್ಟಿದ ದುಡ್ಡನ್ನು ಅಮ್ಮ
ಮೆಂತೆಯ ಭರಣಿಯೊಳಗೆ ಹೂತಿಟ್ಟ ಹಾಗೆ
ದಿನಕ್ಕೆ ಇಪ್ಪತ್ತು ನಿಮಿಷವನ್ನು ನಾನು
ಏಳನೆ ನಂಬ್ರದ ರೈಲ್ವೆ ಗೇಟಿನಲ್ಲಿ ಇಟ್ಟೆ.
‘ಗೇಟು ಬಿದ್ದಿದೆ’ ಎಂದು ಬರೆದರೆ ಮುಗಿಯಿತು.
ರೈಲಿನ ಹತ್ತಿರ ಜಗಳಕ್ಕೆ ಯಾರು ಹೋಗುತ್ತಾರೆ ಮಾರಾಯ್ರೇ!

ಮೂರು ಗಾಡಿಯೂ ಸರದಿಯ ಮೇಲೆ ಅಲ್ಲಿ ನಿಂತವು.
ಐತಪ್ಪಣ್ಣ ಉಂಡ, ಎರಡೂ ಕಾಲು ಚಾಚಿ.
ಸಾದಿಕ್ ಗ್ಯಾಸಿನ ವಾಸನೆಯ ಕೈ ತೊಳೆದು
ಮಗಳಿಗೆ ಫೋನು ಮಾಡಿದ.
ಕ್ರಾಸ್ತ ಏನೂ ಮಾಡಲಿಲ್ಲವಂತೆ.
ಎಂಜಿನು ಆರಿಸಿದರೆ ಹಳಿಯಾಚೆ ಕಡಲು ಕೇಳುತ್ತದೆ,
ಇಷ್ಟು ವರ್ಷ ಗೊತ್ತೇ ಇರಲಿಲ್ಲ ಅಂದ.

ಈ ಮಾರ್ಚಿನಲ್ಲಿ ಗೇಟು ತೆಗೆದರು.
ಹಳಿಯ ಅಡಿಯಿಂದ ರಸ್ತೆ ಬಂತು.
ಗೇಟಿನವನ ಕೋಣೆಗೆ ಬೀಗ, ಕೆಂಪು ಬಿಳಿ ಬಣ್ಣದ ಕಂಬ
ಹುಲ್ಲಿನಲ್ಲಿ ಅಡ್ಡ ಮಲಗಿದೆ.
ನಾನು ಬರೆಯುವುದನ್ನು ಬಿಡಲಿಲ್ಲ.

ಆಮೇಲೆ ಹೊಸ ಆಪು ಬಂತು,
ಒಂದೊಂದು ಗಾಡಿಗೆ ಒಂದೊಂದು ನೀಲಿ ಚುಕ್ಕೆ.

ನಿನ್ನೆ ಧಣಿ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.
ಹಳಿಯ ಪಕ್ಕ ಒಂದು ಚುಕ್ಕೆ ಅಲ್ಲಾಡುತ್ತಿಲ್ಲ.
ಹನ್ನೊಂದು ನಿಮಿಷ. ಹನ್ನೆರಡು.
ಅವರೂ ಒಂದು ಕಾಲಕ್ಕೆ ಸೈಕಲ್ಲಿನ ಹಿಂದೆ ಸಿಲಿಂಡರು ಕಟ್ಟಿ
ಬಂದ್ಯೋಡಿನಿಂದ ಬಾಯಾರಿನ ತನಕ
ಏರು ರಸ್ತೆ ತುಳಿದವರು.

‘ಎಂತ, ಗೇಟಾ?’
‘ಹೌದು’ ಅಂದೆ.
‘ಯಾವ ಗಾಡಿ?’
‘ಗೂಡ್ಸು.’
ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.
‘ಉದ್ದದ್ದಾ?’

ನಾನು ಬೋಗಿಗಳನ್ನು ಎಣಿಸತೊಡಗಿದೆ.